ಮಕ್ಕಳ ಮೂತ್ರಕೋಶ ಖಾಲಿ ಮಾಡಲು ಸಣ್ಣ ಗಾಯದ ಶಸ್ತ್ರಚಿಕಿತ್ಸೆಗಳು: ಯಾವುದು, ಯಾರಿಗೆ, ಯಾವಾಗ

(ಶಿರಸಿಯಲ್ಲಿ ಪಾಲಕರು, ಶಾಲಾ ಶಿಕ್ಷಕರು ಮತ್ತು ಆಶಾ ಕಾರ್ಯಕರ್ತೆಯರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಮೂತ್ರಕೋಶ ತಾನಾಗಿ ಪೂರ್ತಿ ಖಾಲಿಯಾಗದ ಮಕ್ಕಳ ಪಾಲಕರು ಮೊದಲು ಕೇಳುವುದು ಗಾಯದ ಬಗ್ಗೆ. “ಹೊಟ್ಟೆ ಕೊಯ್ಯೂದು ಬೇಡ, ಸಣ್ಣ ತೂತಲ್ಲೇ ಮಾಡೂಕೆ ಆಗ್ತದಾ?” ಆಗುತ್ತದೆ, ಹಲವು ಮಕ್ಕಳಿಗೆ. ಆದರೆ ಹೊಟ್ಟೆಯ ಮೇಲಿನ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಮೂತ್ರಕೋಶವನ್ನು ಮೂರು-ನಾಲ್ಕು ತಾಸಿಗೊಮ್ಮೆ ಖಾಲಿ ಮಾಡುವ ಕೆಲಸ ಮಾತ್ರ ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಜೀವನಪೂರ್ತಿ ಉಳಿಯುತ್ತದೆ. ಹಾಗಾಗಿ ಯಾವ ಆಪರೇಷನ್ ಎಂದು ಗೊತ್ತುಮಾಡುವ ಮೊದಲು ಎರಡು ಸಂಗತಿ ತಿಳಿಯಬೇಕು: ಮೂತ್ರಕೋಶದ ಒಳಗಿನ ಒತ್ತಡ ಎಷ್ಟು, ಅದನ್ನು ದಿನವೂ ಖಾಲಿ ಮಾಡುವ ಕೈ ಯಾರದ್ದು. ಗಾಯದ ಅಳತೆ ಅದರ ನಂತರದ ಮಾತು.

ಮೂತ್ರಕೋಶಕ್ಕೆ ಎರಡೇ ಕೆಲಸ. ಒತ್ತಡ ಏರದಂತೆ ಮೂತ್ರ ತುಂಬಿಕೊಳ್ಳುವುದು, ಹೊತ್ತು ಬಂದಾಗ ಪೂರ್ತಿ ಖಾಲಿಯಾಗುವುದು. ಖಾಲಿಯಾಗಬೇಕಾದರೆ ಮೂತ್ರಕೋಶದ ಸ್ನಾಯು ಹಿಂಡಬೇಕು, ಅದೇ ಕ್ಷಣಕ್ಕೆ ಕೆಳಗಿನ ಬಿಗಿಸ್ನಾಯು ಸಡಿಲವಾಗಬೇಕು. ಈ ಹೊಂದಾಣಿಕೆಯ ನರಗಳು ಬೆನ್ನುಹುರಿಯ ಕೆಳತುದಿಯಿಂದ ಬರುತ್ತವೆ. ಅಲ್ಲಿ ಬೆನ್ನುಮೂಳೆ ಮುಚ್ಚಿಕೊಳ್ಳದೆ ಮಗು ಹುಟ್ಟಿದರೆ, ಅಂದರೆ ಸ್ಪೈನಾ ಬೈಫಿಡಾ ಇದ್ದರೆ, ಹೊಂದಾಣಿಕೆ ತಪ್ಪುತ್ತದೆ. ಮೂತ್ರಕೋಶ ಹಿಂಡುವಾಗಲೇ ಬಾಗಿಲು ಬಿಗಿಯುತ್ತದೆ. ಗಂಡು ಮಕ್ಕಳಲ್ಲಿ ಇನ್ನೊಂದು ಕಾರಣ ಹುಟ್ಟಿನಿಂದಲೇ ಮೂತ್ರದ ಹೊರದಾರಿಯಲ್ಲಿರುವ ತೆಳು ಪೊರೆ. ವೈದ್ಯರು ಇದನ್ನು ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್ ಅನ್ನುತ್ತಾರೆ. ಇನ್ನು ಕೆಲವು ಮಕ್ಕಳಿಗೆ ನರವೂ ಸರಿ, ದಾರಿಯೂ ಸರಿ. ಮೂತ್ರ ತಡೆದಿಟ್ಟುಕೊಳ್ಳುವ ಅಭ್ಯಾಸ ಮತ್ತು ಮಲಬದ್ಧತೆಯಿಂದ ಮೂತ್ರ ಪೂರ್ತಿ ಹೋಗುವುದಿಲ್ಲ. ಈ ಮೂರನೆಯ ಗುಂಪಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಡ. ಹೊಟ್ಟೆ ಸಾಫ್ ಆಗಿ, ಹೊತ್ತುಹೊತ್ತಿಗೆ ಕೂತು ಮಾಡುವ ಅಭ್ಯಾಸ ಬಂದರೆ ಹೆಚ್ಚಿನವರು ಸುಧಾರಿಸುತ್ತಾರೆ.

ಅಳತೆಗೆ ಒಂದು ಸುಲಭ ಲೆಕ್ಕ ಇದೆ. ನಾಲ್ಕರಿಂದ ಹನ್ನೆರಡು ವರ್ಷದ ಮಗುವಿನ ವಯಸ್ಸಿಗೆ ಒಂದು ಕೂಡಿಸಿ, 30ರಿಂದ ಗುಣಿಸಿ. ಆರು ವರ್ಷದ ಮಗುವಿನ ಮೂತ್ರಕೋಶ ಸುಮಾರು 210 ಮಿ.ಲೀ. ಹಿಡಿಯಬೇಕು. ಮೂತ್ರ ಮಾಡಿ ಬಂದ ತಕ್ಷಣ ಸ್ಕ್ಯಾನ್ ಮಾಡಿದಾಗ ಪದೇ ಪದೇ 20 ಮಿ.ಲೀ.ಗಿಂತ ಹೆಚ್ಚು ಉಳಿದಿದ್ದರೆ ಅದಕ್ಕೆ ಕಾರಣ ಹುಡುಕಬೇಕು. ಒತ್ತಡವನ್ನು ಯುರೋಡೈನಾಮಿಕ್ಸ್ ಎಂಬ ಪರೀಕ್ಷೆಯಲ್ಲಿ ನೋಡುತ್ತಾರೆ. ತೆಳು ನಳಿಕೆಯಿಂದ ನಿಧಾನವಾಗಿ ಸಲೈನ್ ತುಂಬಿಸಿ, ಯಾವ ಒತ್ತಡದಲ್ಲಿ ಸೋರುತ್ತದೆ ಎಂದು ದಾಖಲಿಸುವುದು. 40 ಸೆಂಟಿಮೀಟರ್ ನೀರಿನ ಒತ್ತಡಕ್ಕಿಂತ ಮೇಲೆ ಹೋದ ಮೇಲಷ್ಟೇ ಸೋರುವ ಮೂತ್ರಕೋಶ ಕಿಡ್ನಿಗೆ ಅಪಾಯ. ಹೊರಗೆ ನೋಡಿದರೆ ಮಗುವಿನ ಬಟ್ಟೆ ಒಣಗಿಯೇ ಇರುತ್ತದೆ, ಮನೆಯವರಿಗೆ ಸಮಾಧಾನ. ಒಳಗೆ ಮೂತ್ರ ಹಿಂದಕ್ಕೆ ಹೋಗಿ ಕಿಡ್ನಿ ಊದುತ್ತಿರುತ್ತದೆ. ಸದಾ ಸೋರುವ ಮಗುವಿಗಿಂತ ಸೋರದ ಮಗುವಿನ ಬಗ್ಗೆ ನಾವು ಹೆಚ್ಚು ಎಚ್ಚರ ವಹಿಸುವುದು ಇದಕ್ಕೇ.

ಕೊಯ್ಯುವ ಮೊದಲು ನಳಿಕೆ

1972ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಜ್ಯಾಕ್ ಲ್ಯಾಪಿಡೆಸ್ ಎಂಬ ವೈದ್ಯರು, ಕ್ಯಾಥಿಟರ್, ಅಂದರೆ ಮೂತ್ರ ತೆಗೆಯುವ ನಳಿಕೆ, ಹಾಕಲು ಆಪರೇಷನ್ ಥಿಯೇಟರಿನಷ್ಟು ಶುದ್ಧಿ ಬೇಕಿಲ್ಲ, ಸೋಪಿನಲ್ಲಿ ತೊಳೆದ ಕೈ ಸಾಕು, ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ ಎಂದು ತೋರಿಸಿಕೊಟ್ಟರು. ಸಿ.ಐ.ಸಿ. (ಕ್ಲೀನ್ ಇಂಟರ್ಮಿಟೆಂಟ್ ಕ್ಯಾಥಿಟರೈಸೇಷನ್) ಎಂದು ಕರೆಯುವ ಈ ಕ್ರಮ ಇಂದಿಗೂ ಎಲ್ಲಕ್ಕೂ ಬುನಾದಿ. ಹೊಟ್ಟೆಗೆ ಒಂದೂ ತೂತು ಬೇಡದ ಕ್ರಮವೂ ಇದೇ. ಮುಂದೆ ಹೇಳುವ ಆಪರೇಷನ್‌ಗಳಲ್ಲಿ ಕೆಲವು ಇದನ್ನು ಸುಲಭ ಮಾಡುತ್ತವೆ, ಇದರ ಬದಲಿಗೆ ಬರುವುದಿಲ್ಲ.

ಶಿಶುವಿಗೆ 6 ಅಥವಾ 8 ಫ್ರೆಂಚ್, ಶಾಲೆಗೆ ಹೋಗುವ ಮಗುವಿಗೆ 8ರಿಂದ 12, ಹದಿಹರೆಯದವರಿಗೆ 12-14 ಅಳತೆಯ ಕ್ಯಾಥಿಟರ್ ಸಾಮಾನ್ಯ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್ ದಪ್ಪ. ಕೈ ತೊಳೆದು, ಜಾಗ ಒರೆಸಿ, ತುದಿಗೆ ಧಾರಾಳವಾಗಿ ಜೆಲ್ಲಿ ಹಚ್ಚಿ, ಮೂತ್ರ ಬರುವ ತನಕ ನಿಧಾನವಾಗಿ ದೂಡಿ, ಬಂದ ಮೇಲೆ ಇನ್ನೊಂದೆರಡು ಸೆಂಟಿಮೀಟರ್ ಒಳಗೆ ಬಿಡಬೇಕು. ಹರಿವು ನಿಂತ ಕೂಡಲೇ ಎಳೆಯಬಾರದು. ಹೊಟ್ಟೆಯ ಕೆಳಭಾಗ ಮೆಲ್ಲಗೆ ಒತ್ತಿ, ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆಯುತ್ತ ಹೋದರೆ ತಳದಲ್ಲಿ ಉಳಿದದ್ದೂ ಬರುತ್ತದೆ. ಆ ಕೊನೆಯ ಹತ್ತಿಪ್ಪತ್ತು ಮಿ.ಲೀ. ಉಳಿಯುವುದೇ ಪದೇ ಪದೇ ಸೋಂಕಾಗಲು ದೊಡ್ಡ ಕಾರಣ.

ಒಮ್ಮೆ ಬಳಸಿ ಎಸೆಯಿರಿ ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತದೆ. ದಿನಕ್ಕೆ ಐದು ಕೊಳ್ಳುವುದು ಹೆಚ್ಚಿನ ಮನೆಗಳಿಗೆ ಆಗದ ಕಾರಣ, ಸಾದಾ ಪಿ.ವಿ.ಸಿ. ನಳಿಕೆಯನ್ನು ತೊಳೆದು ಕೆಲವು ದಿನ ಬಳಸುವುದು ನಮ್ಮಲ್ಲಿ ರೂಢಿ. ಎಷ್ಟು ದಿನ ಎಂಬುದನ್ನು ನಿಮ್ಮ ವೈದ್ಯರಲ್ಲಿ ಕೇಳಿಕೊಳ್ಳಿ. ನೀರು ಮುಟ್ಟಿದರೆ ತಾನೇ ಜಾರುವ ಲೇಪನದ ಕ್ಯಾಥಿಟರ್ ಮಾತ್ರ ಎರಡನೆಯ ಸಲ ಬಳಸಲೇಬಾರದು. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ನಳಿಕೆಯ ಒಳಗು ಎಲ್ಲಿ ಒಣಗೀತು? ಸೋಪುನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರು ಹಾಯಿಸಿ, ಖಾಲಿ ಸಿರಿಂಜಿನಿಂದ ಎರಡು-ಮೂರು ಸಲ ಗಾಳಿ ಹೊಡೆದು ಒಳಗಿನ ಹನಿ ಹೊರಹಾಕಿ. ಆಮೇಲೆ ಶುಭ್ರ ಬಟ್ಟೆಯ ಮೇಲೆ ಗಾಳಿಗೆ ಇಡಿ. ಬಚ್ಚಲ ಒಲೆಯ ಹತ್ತಿರ ಹೊಗೆಗೆ ಇಟ್ಟರೆ ನಳಿಕೆ ಸೊಟ್ಟಗಾಗಿ ತುದಿ ಒರಟಾಗುತ್ತದೆ, ಗಾಯ ಮಾಡುತ್ತದೆ. ಮಳೆಗಾಲದಲ್ಲಿ ನಳಿಕೆಗಳನ್ನು ಬೇಗ ಬೇಗ ಬದಲಿಸುವುದೇ ಮೇಲು.

ಹೊಟ್ಟೆಗೆ ತೂತೇ ಇಲ್ಲದವು

ಗಂಡು ಶಿಶುವಿನ ದಾರಿಯಲ್ಲಿ ಪೊರೆ ಇದ್ದರೆ ಚಿಕಿತ್ಸೆ ಮೂತ್ರದ ದಾರಿಯಿಂದಲೇ. ಗರ್ಭದ ಸ್ಕ್ಯಾನ್‌ನಲ್ಲೇ ಎರಡೂ ಕಿಡ್ನಿ ಊದಿ, ಮೂತ್ರಕೋಶದ ಗೋಡೆ ದಪ್ಪಗಾಗಿ ಕಂಡಿದ್ದರೆ ಹೆರಿಗೆ ಎಲ್ಲಾಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಹುಟ್ಟಿದ ಮೇಲೆ ಮೂತ್ರದ ಧಾರೆ ಚೆನ್ನಾಗಿ ಕಂಡಿತು ಎಂದ ಮಾತ್ರಕ್ಕೆ ಪೊರೆ ಇಲ್ಲ ಎನ್ನಲಾಗದು. ದಪ್ಪಗಾದ ಮೂತ್ರಕೋಶ ಬಲವಾಗಿ ತಳ್ಳಿಯೂ ಧಾರೆ ಬರಬಹುದು. ಮೊದಲ ಕೆಲಸ 5 ಅಥವಾ 6 ಫ್ರೆಂಚ್‌ನ ಫೀಡಿಂಗ್ ಟ್ಯೂಬನ್ನು ಮೂತ್ರಕೋಶಕ್ಕೆ ಹಾಕಿ ಮೂತ್ರ ಹೊರಬಿಡುವುದು. ಇಲ್ಲಿ ಬಲೂನ್ ಇರುವ ಫೋಲಿ ಕ್ಯಾಥಿಟರ್ ಒಳ್ಳೆಯದಲ್ಲ. ಪುಟ್ಟ ದಪ್ಪ ಮೂತ್ರಕೋಶದಲ್ಲಿ ಬಲೂನು ಗೋಡೆಯನ್ನು ಕೆರಳಿಸುತ್ತದೆ, ಕಿಡ್ನಿಯಿಂದ ಇಳಿಯುವ ನಾಳಗಳ ಬಾಯನ್ನೂ ಒತ್ತಬಹುದು. ತಡೆ ಬಿಟ್ಟ ಕೂಡಲೇ ಮೂತ್ರ ಹೊಳೆಯಾಗಿ ಹರಿದು ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗುವುದುಂಟು. ಆದ್ದರಿಂದ ಟ್ಯೂಬ್ ಹಾಕಿ ಮನೆಗೆ ಕಳಿಸುವಂತಿಲ್ಲ.

ರಕ್ತದ ಅಂಶಗಳು ಸರಿಯಾದ ಮೇಲೆ 7ರಿಂದ 9 ಫ್ರೆಂಚ್ ದಪ್ಪದ ಸಿಸ್ಟೋಸ್ಕೋಪ್ ಎಂಬ ತೆಳು ದುರ್ಬೀನನ್ನು ಒಳಬಿಟ್ಟು, ಗಡಿಯಾರದ ಮುಖದ 5, 7 ಮತ್ತು 12ರ ಜಾಗದಲ್ಲಿ ಪೊರೆಯನ್ನು ಸೀಳುತ್ತಾರೆ. ಪೂರ್ತಿ ಕೆರೆದು ತೆಗೆಯುವುದಿಲ್ಲ, ಏಕೆಂದರೆ ಜಾಸ್ತಿ ಸುಟ್ಟರೆ ದಾರಿ ಗಾಯವಾಗಿ ಕಿರಿದಾಗುತ್ತದೆ. ಕಡಿಮೆಯಾದರೆ ಪೊರೆ ಉಳಿಯುತ್ತದೆ. ಸುಮಾರು ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸುವುದು ಇದಕ್ಕಾಗಿ. ಒಂದು ವರ್ಷದೊಳಗೆ ಕ್ರಿಯಾಟಿನಿನ್, ಅಂದರೆ ಕಿಡ್ನಿಯ ಕೆಲಸ ತಿಳಿಸುವ ರಕ್ತದ ಅಂಶ, ಡೆಸಿಲೀಟರಿಗೆ 0.8 ಮಿ.ಗ್ರಾಂ.ಗಿಂತ ಕೆಳಗೆ ಇಳಿದರೆ ಕಿಡ್ನಿಯ ಮುಂದಿನ ದಾರಿ ಬಹುಮಟ್ಟಿಗೆ ಒಳ್ಳೆಯದು. ಪೊರೆ ಹೋದರೂ ಗರ್ಭದಲ್ಲಿದ್ದಾಗಿನಿಂದ ತಡೆಯ ವಿರುದ್ಧ ದುಡಿದ ಮೂತ್ರಕೋಶ ದಪ್ಪಗೆ, ಬಿಗಿಯಾಗಿಯೇ ಉಳಿಯಬಹುದು. ಆಪರೇಷನ್ ಆಯಿತು, ಇನ್ನು ಬರುವುದು ಬೇಡ ಎಂದು ತಪಾಸಣೆ ಬಿಟ್ಟ ಮಕ್ಕಳಲ್ಲಿ ಕಿಡ್ನಿ ಹಾಳಾಗುವುದು ಹೀಗೇ.

ನರದ ತೊಂದರೆಯ ಮಕ್ಕಳಿಗೆ ಬೊಟುಲಿನಂ ಇಂಜೆಕ್ಷನ್, ಅಂದರೆ ಬೋಟಾಕ್ಸ್, ಇನ್ನೊಂದು ಉಪಾಯ. ಸಿಸ್ಟೋಸ್ಕೋಪಿನ ಮೂಲಕ ಮೂತ್ರಕೋಶದ ಗೋಡೆಯ 20-30 ಕಡೆ ಸ್ವಲ್ಪ ಸ್ವಲ್ಪ ಚುಚ್ಚುತ್ತಾರೆ. ಐದು ವರ್ಷ ದಾಟಿದ ಮಕ್ಕಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಒಪ್ಪಿಗೆ ಕೊಟ್ಟ ಪ್ರಮಾಣ ಹೀಗಿದೆ: 34 ಕೆ.ಜಿ. ಅಥವಾ ಮೇಲಿದ್ದರೆ 200 ಯೂನಿಟ್, ಕೆಳಗಿದ್ದರೆ ಕೆ.ಜಿ.ಗೆ 6 ಯೂನಿಟ್. ಆಕ್ಸಿಬ್ಯುಟಿನಿನ್ ಮಾತ್ರೆಯಿಂದ ಒತ್ತಡ ಇಳಿಯದವರಿಗೆ, ಅಥವಾ ಮಾತ್ರೆಯಿಂದ ಬಾಯಿ ಒಣಗಿ ಮಲಬದ್ಧತೆ ಹೆಚ್ಚಾದವರಿಗೆ ಇದು ಒಳ್ಳೆಯದು. ಒಂದು ಸಂಗತಿ ಮಾತ್ರ ಪಾಲಕರಿಗೆ ಸ್ಪಷ್ಟವಿರಬೇಕು: ಈ ಇಂಜೆಕ್ಷನ್ ಮೂತ್ರಕೋಶ ತುಂಬಿಕೊಳ್ಳುವುದನ್ನು ಸುಧಾರಿಸುತ್ತದೆ, ಖಾಲಿಯಾಗುವುದನ್ನಲ್ಲ. ನಳಿಕೆ ಮುಂದುವರಿಯಲೇಬೇಕು. ಪರಿಣಾಮ ಹಲವು ತಿಂಗಳಷ್ಟೇ, ಆಮೇಲೆ ಮತ್ತೆ ಅರಿವಳಿಕೆ, ಮತ್ತೆ ಚುಚ್ಚು. ಅದೇ ಔಷಧವನ್ನು ಬಿಗಿಸ್ನಾಯುವಿಗೆ ಕೊಟ್ಟರೆ ಬಾಗಿಲು ಸಡಿಲವಾಗಿ ಮೂತ್ರ ಹೋಗಲು ನೆರವಾಗುತ್ತದೆ, ಆದರೆ ಅದೂ ತಾತ್ಕಾಲಿಕವೇ.

ಸಣ್ಣ ದ್ವಾರ, ಗುಂಡಿ

ನಳಿಕೆ ಹಾಕಿಯೂ ಸಾಲದ, ಅಥವಾ ಹಾಕಲಾಗದ ಶಿಶುಗಳಿಗೆ ವೆಸಿಕೋಸ್ಟಮಿ ಮಾಡುತ್ತಾರೆ. ಹೊಕ್ಕುಳ ಮತ್ತು ಕೆಳಮೂಳೆಯ ನಡುವೆ ಸಣ್ಣ ಗಾಯ ಮಾಡಿ, ಮೂತ್ರಕೋಶದ ನೆತ್ತಿಯನ್ನೇ ಮೇಲೆ ತಂದು ಚರ್ಮಕ್ಕೆ ಹೊಲಿಯುವುದು. ಮೂತ್ರ ಸದಾ ಡೈಪರಿಗೆ ಹರಿಯುತ್ತದೆ, ಒತ್ತಡವೇ ಇಲ್ಲ, ಕಿಡ್ನಿಗೆ ಬಿಡುವು. ನೆತ್ತಿಯ ಬದಲು ಕೆಳಗಿನ ಗೋಡೆಯನ್ನು ತಂದು ಹೊಲಿದರೆ ಹಿಂದಿನ ಗೋಡೆ ದ್ವಾರದಿಂದ ಹೊರಗೆ ತಳ್ಳಿಕೊಂಡು ಬರುತ್ತದೆ. ಅದು ಕೆಂಪಾಗಿ ಊದಿ ಒಳಗೆ ಹೋಗದಿದ್ದರೆ ತುರ್ತು. ದ್ವಾರ ಕಿರಿದಾದರೆ ಮೂತ್ರ ಮತ್ತೆ ನಿಲ್ಲುತ್ತದೆ. ಕರಾವಳಿಯ ಸೆಕೆಯಲ್ಲಿ ಸುತ್ತಲಿನ ಚರ್ಮ ಕೆಂಪೇಳುವುದು ಎಲ್ಲರೂ ಹೇಳುವ ದೂರು. ಡೈಪರ್ ಬೇಗ ಬದಲಿಸಿ, ಚರ್ಮ ಒಣಗಿಸಿ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ; ಬಿಳಿ ಚುಕ್ಕೆಗಳಿರುವ ಕೆಂಪು ಹುಣ್ಣಾದರೆ ಅದು ಫಂಗಸ್, ಅದಕ್ಕೆ ಬೇರೆ ಮುಲಾಮು.

ಗುಂಡಿ, ಅಂದರೆ ಬಟನ್, ಇದಕ್ಕಿಂತ ಸಣ್ಣ ಕೆಲಸ. ಹೊಟ್ಟೆಗೆ ಆಹಾರ ಕೊಡಲು ಬಳಸುವ ಗ್ಯಾಸ್ಟ್ರೊಸ್ಟಮಿ ಬಟನ್ನನ್ನೇ ಮೂತ್ರಕೋಶಕ್ಕೆ ಹಾಕುತ್ತಾರೆ, ಹೆಚ್ಚಾಗಿ 14 ಫ್ರೆಂಚ್ ಆಸುಪಾಸಿನದು. ಸಿಸ್ಟೋಸ್ಕೋಪಿನಿಂದ ಒಳಗೆ ನೋಡುತ್ತ, ತುಂಬಿದ ಮೂತ್ರಕೋಶಕ್ಕೆ ಮೇಲಿನಿಂದ ಸೂಜಿ ಚುಚ್ಚಿ, ತಂತಿ ಬಿಟ್ಟು, ದಾರಿ ಅಗಲಿಸಿ ಕೂರಿಸುವುದು. ಒಳಗಿನ ಪುಟ್ಟ ಬಲೂನಿಗೆ ಶುದ್ಧ ನೀರು ತುಂಬುತ್ತಾರೆ, ಸಲೈನ್ ಅಲ್ಲ. ಉಪ್ಪು ಹರಳುಗಟ್ಟಿ ವಾಲ್ವ್ ಕಟ್ಟಿಕೊಳ್ಳಬಾರದು ಎಂದು. ಹೊರಗೆ ಚರ್ಮಕ್ಕೆ ಅಂಟಿಕೊಂಡ ಮುಚ್ಚಳ ಮಾತ್ರ ಕಾಣುತ್ತದೆ, ಅಂಗಿ ಮುಚ್ಚಿದರೆ ಯಾರಿಗೂ ತಿಳಿಯದು. ಹೊತ್ತಿಗೆ ಸರಿಯಾಗಿ ಮುಚ್ಚಳ ತೆಗೆದು ಟ್ಯೂಬ್ ಜೋಡಿಸಿದರೆ ಮೂತ್ರ ಬರುತ್ತದೆ, ರಾತ್ರಿ ಚೀಲಕ್ಕೆ ಜೋಡಿಸಿ ಮಲಗಿಸಬಹುದು. ಬೇಡವಾದ ದಿನ ತೆಗೆದರೆ ತೂತು ಹೆಚ್ಚಾಗಿ ತಾನೇ ಮುಚ್ಚುತ್ತದೆ. ಉದ್ದ ಮಾತ್ರ ಸರಿಯಿರಬೇಕು: ಗಿಡ್ಡವಾದರೆ ಚರ್ಮ ಒತ್ತಿ ಹುಣ್ಣು, ಉದ್ದವಾದರೆ ಅಲುಗಾಡಿ ಪಕ್ಕದಿಂದ ಸೋರಿಕೆ. ಮಗು ದಪ್ಪಗಾದಂತೆ ಅಳತೆ ಬದಲಾಗುತ್ತದೆ. ಕೆಲವು ತಿಂಗಳಿಗೊಮ್ಮೆ ಗುಂಡಿ ಬದಲಿಸಬೇಕು. ಪರಕೀಯ ವಸ್ತು ಒಳಗೇ ಇರುವುದರಿಂದ ಸೋಂಕು, ಕಲ್ಲು, ಸುತ್ತ ಕೆಂಪು ಮಾಂಸ ಬೆಳೆಯುವುದು ಇದರ ಬಾಧೆ. ಬಲೂನು ಒಡೆದು ಗುಂಡಿ ಕಳಚಿ ಬಿದ್ದರೆ ಕೆಲವೇ ತಾಸುಗಳಲ್ಲಿ ದಾರಿ ಕಿರಿದಾಗುತ್ತದೆ. ಅದೇ ಅಳತೆಯ ಕ್ಯಾಥಿಟರನ್ನು ಕೂಡಲೇ ಒಳಗೆ ಬಿಟ್ಟು ಪ್ಲಾಸ್ಟರ್ ಹಚ್ಚಿ, ಆಮೇಲೆ ಹೊರಡಿ. ಹೊಸದಾಗಿ ಹಾಕಿದ ಮೊದಲ ಕೆಲವು ವಾರಗಳಲ್ಲಿ ಮಾತ್ರ ಮನೆಯಲ್ಲಿ ಪ್ರಯತ್ನಿಸಬೇಡಿ. ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ, ನಳಿಕೆ ಬೇರೆಲ್ಲೋ ಹೋಗುತ್ತದೆ.

ಅಪೆಂಡಿಕ್ಸ್‌ನ ದಾರಿ

1980ರಲ್ಲಿ ಫ್ರಾನ್ಸಿನ ಪಾಲ್ ಮಿಟ್ರೊಫನಾಫ್ ಅಪೆಂಡಿಕ್ಸನ್ನೇ ನಳಿಕೆಯ ದಾರಿಯಾಗಿ ಬಳಸಿದ ಕ್ರಮವನ್ನು ಪ್ರಕಟಿಸಿದರು. ಗಾಲಿಕುರ್ಚಿಯಲ್ಲಿರುವ ಹುಡುಗಿ ಬಟ್ಟೆ ಬಿಚ್ಚಿ, ಕಾಲಗಲಿಸಿ, ಕನ್ನಡಿ ಹಿಡಿದು ಕ್ಯಾಥಿಟರ್ ಹಾಕಿಕೊಳ್ಳುವುದು ಎಷ್ಟು ಕಷ್ಟ ಯೋಚಿಸಿ. ಮೂತ್ರದ ದಾರಿಯಲ್ಲಿ ಸಂವೇದನೆ ಪೂರ್ತಿ ಇರುವ ಹುಡುಗನಿಗೆ ದಿನಕ್ಕೆ ಐದು ಸಲ ನೋವು. ಹೊಕ್ಕುಳಲ್ಲೇ ದ್ವಾರ ಇದ್ದರೆ ಕುಳಿತಲ್ಲೇ, ತಾನೇ ಮಾಡಿಕೊಳ್ಳಬಹುದು.

ಮಾಡುವ ಬಗೆ ಹೀಗೆ. ಅಪೆಂಡಿಕ್ಸನ್ನು ಕರುಳಿನಿಂದ ಬೇರ್ಪಡಿಸುತ್ತಾರೆ, ಆದರೆ ಅದರ ರಕ್ತನಾಳದ ಪದರವನ್ನು ಹಾಗೇ ಉಳಿಸುತ್ತಾರೆ. ಆ ಪದರ ತಿರುಚಿದರೆ ಅಥವಾ ಎಳೆದರೆ ಮುಗಿಯಿತು, ನಾಳ ಸತ್ತುಹೋಗುತ್ತದೆ. ತುದಿ ಕತ್ತರಿಸಿ ಕ್ಯಾಥಿಟರ್ ಸಲೀಸಾಗಿ ಹಾಯುತ್ತದೆಯೇ ಎಂದು ನೋಡುತ್ತಾರೆ. ಮೂತ್ರಕೋಶದ ಸ್ನಾಯುವನ್ನು ಮೂರು-ನಾಲ್ಕು ಸೆಂಟಿಮೀಟರ್ ಸೀಳಿ, ಒಳಪೊರೆಯನ್ನು ಉಳಿಸಿಕೊಂಡು, ಕೆಳತುದಿಯಲ್ಲಿ ಮಾತ್ರ ತೂತು ಮಾಡಿ ಅಪೆಂಡಿಕ್ಸಿನ ತುದಿಯನ್ನು ಅಲ್ಲಿಗೆ ಹೊಲಿಯುತ್ತಾರೆ. ಮೇಲಿನಿಂದ ಸ್ನಾಯುವನ್ನು ಅದರ ಮೇಲೆ ಮುಚ್ಚುತ್ತಾರೆ. ಮೂತ್ರ ತುಂಬಿದಂತೆಲ್ಲ ಒಳಗಿನ ಒತ್ತಡವೇ ನಾಳವನ್ನು ಸ್ನಾಯುವಿಗೆ ಒತ್ತಿ ಚಪ್ಪಟೆ ಮಾಡುತ್ತದೆ, ಹಾಗಾಗಿ ಸೋರದು. ಈ ಸುರಂಗದ ಉದ್ದ ನಾಳದ ದಪ್ಪದ ನಾಲ್ಕೈದು ಪಟ್ಟು ಇರಬೇಕು. ಗಿಡ್ಡವಾದರೆ ಸೋರಿಕೆ ಖಚಿತ. ಮೂತ್ರಕೋಶದ ಹೊರಗೆ ಹೊಕ್ಕುಳ ತನಕ ನಾಳ ನೇರವಾಗಿ, ಆದಷ್ಟು ಗಿಡ್ಡವಾಗಿ ಇರಬೇಕು. ಅಲ್ಲಿ ಸಡಿಲ ಉಳಿದರೆ ಮಡಚಿಕೊಂಡು ಕ್ಯಾಥಿಟರ್ ಹೋಗುವುದಿಲ್ಲ.

ಇದನ್ನೇ ಲ್ಯಾಪರೊಸ್ಕೋಪಿನಲ್ಲಿ ಮಾಡುವಾಗ ಹೊಕ್ಕುಳಲ್ಲಿ ಕ್ಯಾಮರಾ, ಪಕ್ಕಗಳಲ್ಲಿ 3ರಿಂದ 5 ಮಿ.ಮೀ.ನ ಎರಡು-ಮೂರು ತೂತು. ಕ್ಯಾಮರಾ ಹಾಕಿದ ಹೊಕ್ಕುಳಿನ ತೂತೇ ಕೊನೆಗೆ ದ್ವಾರವಾಗುತ್ತದೆ, ಬೇರೆ ಗಾಯ ಬೇಡ. 2004ರಲ್ಲಿ ರೋಬೋಟ್ ನೆರವಿನಿಂದ ಮಗುವಿಗೆ ಇದನ್ನು ಮಾಡಿದ ವರದಿ ಬಂತು. 2008ರಲ್ಲಿ ಷಿಕಾಗೋದಲ್ಲಿ ಡಾ. ಮೋಹನ್ ಗುಂಡೇಟಿ ಅವರ ತಂಡ ಮೂತ್ರಕೋಶವನ್ನು ಕರುಳಿನಿಂದ ಹಿಗ್ಗಿಸುವ ಕೆಲಸವನ್ನೂ ಸೇರಿಸಿ ರೋಬೋಟ್‌ನಲ್ಲೇ ಮುಗಿಸಿ ವರದಿ ಮಾಡಿತು. ಲಾಭ: ನೋವು ಕಡಿಮೆ, ಹೊಟ್ಟೆಯೊಳಗೆ ಕರುಳು ಅಂಟಿಕೊಳ್ಳುವುದು ಕಡಿಮೆ, ಕಲೆ ಕಡಿಮೆ. ನಷ್ಟ: ಹೊತ್ತು ಹೆಚ್ಚು, ಖರ್ಚು ಹೆಚ್ಚು, ಒಳಗೆ ಹೊಲಿಯುವ ಕೌಶಲ ಬೇಕು. ಸುರಂಗದ ಹೊಲಿಗೆಯಲ್ಲಿ ರಾಜಿ ಮಾಡಿಕೊಂಡು ಸಣ್ಣ ತೂತು ಸಾಧಿಸಿದರೆ ಮಗುವಿಗೆ ಏನು ಸಿಕ್ಕಿತು? ಈ ಕೆಲಸ ಪದೇ ಪದೇ ಮಾಡುವ ಕೈ ತೆರೆದ ಆಪರೇಷನ್ ಮಾಡುವುದು, ಅಪರೂಪಕ್ಕೆ ಮಾಡುವ ಕೈ ಲ್ಯಾಪರೊಸ್ಕೋಪ್ ಹಿಡಿಯುವುದಕ್ಕಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ತಲೆಯ ನೀರು ಇಳಿಸುವ ನಳಿಕೆ (ಶಂಟ್) ಹಾಕಿದ ಮಗು, ಬೆನ್ನು ತೀರಾ ಬಾಗಿದ ಮಗು, ಹಿಂದೆ ಹೊಟ್ಟೆಯ ಆಪರೇಷನ್ ಆದ ಮಗು ಇದ್ದರೆ ಲ್ಯಾಪರೊಸ್ಕೋಪಿ ಅಸಾಧ್ಯವಲ್ಲ, ಆದರೆ ಲೆಕ್ಕಾಚಾರ ಬೇರೆ.

ಸ್ಪೈನಾ ಬೈಫಿಡಾ ಇರುವ ಮಗುವಿಗೆ ಬೇರಾವುದೋ ಕಾರಣಕ್ಕೆ ಹೊಟ್ಟೆ ತೆರೆದರೆ, “ಹೇಗೂ ತೆರೆದಿದ್ದೇವೆ” ಎಂದು ಚೆನ್ನಾಗಿರುವ ಅಪೆಂಡಿಕ್ಸ್ ತೆಗೆಯದಂತೆ ಮೊದಲೇ ಹೇಳಿಡಿ. ಅದು ಹೋದರೆ ಎರಡೂವರೆ ಸೆಂಟಿಮೀಟರಿನಷ್ಟು ಸಣ್ಣಕರುಳಿನ ತುಂಡನ್ನು ಬಿಚ್ಚಿ ಅಡ್ಡಡ್ಡ ಸುತ್ತಿ ನಾಳ ಮಾಡಬೇಕಾಗುತ್ತದೆ. ಆಗುತ್ತದೆ, ಆದರೆ ಅಪೆಂಡಿಕ್ಸಿನಷ್ಟು ಗಟ್ಟಿಯಲ್ಲ.

ಆಪರೇಷನ್ ಆದ ಮೇಲೆ ಹೊಸ ದಾರಿಯಲ್ಲಿ ಕ್ಯಾಥಿಟರನ್ನು ಮೂರು-ನಾಲ್ಕು ವಾರ ಹಾಗೇ ಬಿಡುತ್ತಾರೆ. ಅದನ್ನು ಮನೆಯಲ್ಲಿ ಯಾರೂ ತೆಗೆಯಬಾರದು. ಆಮೇಲೆ ದಿನವೂ ಬಳಸಬೇಕು; ಬಳಸದೆ ಬಿಟ್ಟರೆ ಚರ್ಮದ ಬಾಯಿ ಕಿರಿದಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವ ತೊಡಕು ಇದೇ, ಕೆಲವರಿಗೆ ಇನ್ನೊಂದು ಸಣ್ಣ ಆಪರೇಷನ್ ಬೇಕಾಗುತ್ತದೆ. ಕ್ಯಾಥಿಟರ್ ಹೋಗದಿದ್ದರೆ ಬಲ ಹಾಕಬೇಡಿ, ಒಳಗೆ ಸುಳ್ಳು ದಾರಿ ಬೀಳುತ್ತದೆ. ಮಗುವನ್ನು ಮಲಗಿಸಿ, ಜೆಲ್ಲಿ ಹೆಚ್ಚು ಹಚ್ಚಿ, ಹತ್ತು ನಿಮಿಷ ಬಿಟ್ಟು, ಒಂದು ಅಳತೆ ಸಣ್ಣದನ್ನು ಪ್ರಯತ್ನಿಸಿ. ಆಗದಿದ್ದರೆ ಕೆಳಗಿನ ಸಹಜ ದಾರಿಯಿಂದ ಖಾಲಿ ಮಾಡಿ ಆಸ್ಪತ್ರೆಗೆ ಬನ್ನಿ. ಸೋರಿಕೆ ತಡೆಯಲು ಕೆಳದಾರಿಯನ್ನು ಮುಚ್ಚಿದ ಮಗುವಿಗೆ ಈ ಬದಲಿ ದಾರಿ ಇಲ್ಲ. ಆ ಮಗುವಿಗೆ ಇದು ತುರ್ತು, ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ.

ಮೂತ್ರಕೋಶವೇ ಸಣ್ಣದಾಗಿ ಗಟ್ಟಿಯಾಗಿದ್ದರೆ ದಾರಿ ಮಾಡಿ ಪ್ರಯೋಜನವಿಲ್ಲ. ಕರುಳಿನ ತುಂಡು ಸೇರಿಸಿ ಹಿಗ್ಗಿಸಬೇಕಾಗುತ್ತದೆ. ಕರುಳು ಒಳಗೂ ಲೋಳೆ ಬಿಡುತ್ತಲೇ ಇರುತ್ತದೆ. ನಿತ್ಯ ಸಲೈನ್ ಹಾಕಿ ತೊಳೆಯದಿದ್ದರೆ ಲೋಳೆ ಗಟ್ಟಿಯಾಗಿ ಕಲ್ಲಾಗುತ್ತದೆ. ಖಾಲಿ ಮಾಡುವುದನ್ನು ಮರೆತರೆ ಹಿಗ್ಗಿಸಿದ ಮೂತ್ರಕೋಶ ಒಡೆಯಬಹುದು. ಸಂವೇದನೆ ಇಲ್ಲದ ಮಗುವಿಗೆ ಹೊಟ್ಟೆನೋವು ಗೊತ್ತಾಗದು. ಹೊಟ್ಟೆ ಉಬ್ಬಿ, ವಾಂತಿ, ಜ್ವರ ಬಂದರೆ ಗ್ಯಾಸ್ಟ್ರಿಕ್ ಎಂದು ಕೂರಬೇಡಿ, ಹೋದಲ್ಲಿ “ಮೂತ್ರಕೋಶ ಹಿಗ್ಗಿಸಿದ್ದಾರೆ” ಎಂಬುದನ್ನು ಮೊದಲ ಮಾತಾಗಿ ಹೇಳಿ.

ಮನೆ, ಶಾಲೆ, ದಾರಿ

ನಳಿಕೆ ಬಳಸುವ ಮಕ್ಕಳ ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. ಜ್ವರ, ನೋವು, ಹೊಸದಾಗಿ ಸೋರಿಕೆ ಇಲ್ಲದಿದ್ದರೆ ಬರೀ ವರದಿ ನೋಡಿ ಆಂಟಿಬಯಾಟಿಕ್ ಕೊಡುವುದು ತಪ್ಪು. ಹಾಗೆ ಕೊಡುತ್ತ ಹೋದರೆ ನಿಜವಾದ ಸೋಂಕು ಬಂದ ದಿನ ಮದ್ದು ನಾಟುವುದಿಲ್ಲ. ಸ್ಪೈನಾ ಬೈಫಿಡಾ ಮಕ್ಕಳಿಗೆ ಲೇಟೆಕ್ಸ್ ರಬ್ಬರಿನ ಅಲರ್ಜಿ ಬರುವ ಸಾಧ್ಯತೆ ಬಹಳ. ಕೈಗವಸು, ಕ್ಯಾಥಿಟರ್, ಬಲೂನು ಎಲ್ಲವೂ ಲೇಟೆಕ್ಸ್ ಇಲ್ಲದವೇ ಇರಲಿ. ಬಾಳೆಹಣ್ಣು ತಿಂದಾಗ ತುಟಿ ತುರಿಸುವ ಮಗುವಿದ್ದರೆ ವೈದ್ಯರಿಗೆ ಹೇಳಿ, ಎರಡಕ್ಕೂ ನಂಟಿದೆ.

ಅಕ್ಕೋರು, ಮಾಸ್ತರು ಇಲ್ಲಿದ್ದೀರಿ. ನಿಮ್ಮಿಂದ ಬೇಕಾದ್ದು ಸ್ವಲ್ಪವೇ: ಚಿಲಕ ಇರುವ ಒಂದು ಶೌಚಾಲಯ, ನೀರು, ಸೋಪು, ಚೀಲ ತೂಗುಹಾಕಲು ಒಂದು ಮೊಳೆ, ಹನ್ನೊಂದು ಗಂಟೆಗೆ ಮತ್ತು ಎರಡು ಗಂಟೆಗೆ ಹತ್ತು ನಿಮಿಷದ ಬಿಡುವು. ಮಗು ನೀರು ಕುಡಿಯುವುದನ್ನು ಕಡಿಮೆ ಮಾಡಿ ಶಾಲೆಯ ಹೊತ್ತು ದೂಡುತ್ತಿದ್ದರೆ ಮನೆಯವರಿಗೆ ತಿಳಿಸಿ.

ಇಲ್ಲಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್, ಕಾರವಾರದವರು ಗೋವೆಗೋ ಮಣಿಪಾಲಕ್ಕೋ ಹೋಗುತ್ತಾರೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ನೆನಪಿದೆಯಲ್ಲ. ಮಳೆಗಾಲಕ್ಕೆ ಮೊದಲು ಕನಿಷ್ಠ ಒಂದು ತಿಂಗಳಿಗಾಗುವಷ್ಟು ಕ್ಯಾಥಿಟರ್, ಜೆಲ್ಲಿ, ಒಂದು ಅಳತೆ ಸಣ್ಣ ನಳಿಕೆ, ಗುಂಡಿ ಇದ್ದರೆ ಇನ್ನೊಂದು ಗುಂಡಿ ಮನೆಯಲ್ಲಿರಲಿ. ಆಪರೇಷನ್‌ನ ಚಿತ್ರ, ಯಾವ ದ್ವಾರ ಎಲ್ಲಿದೆ, ಕ್ಯಾಥಿಟರ್ ಅಳತೆ, ಎಷ್ಟು ಸೆಂಟಿಮೀಟರ್ ಒಳಗೆ ಹೋಗಬೇಕು ಎಂಬುದನ್ನು ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿ, ಫೋನಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ. ತುರ್ತಿನಲ್ಲಿ ಹತ್ತಿರದ ತಾಲೂಕು ಆಸ್ಪತ್ರೆಯ ವೈದ್ಯರು ಮೊದಲು ಕೇಳುವುದು ಅದನ್ನೇ.

ತಪಾಸಣೆಗೆ ಬರುವಾಗ ಎರಡು ದಿನದ ಲೆಕ್ಕ ತನ್ನಿ: ಎಷ್ಟು ಗಂಟೆಗೆ ನಳಿಕೆ ಹಾಕಿದಿರಿ, ಎಷ್ಟು ಮಿ.ಲೀ. ಬಂತು, ನಡುವೆ ಸೋರಿತೇ. ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಕಿಡ್ನಿ ಸ್ಕ್ಯಾನ್, ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಮತ್ತು ಬಿ.ಪಿ. ಆಗಬೇಕು. ಮಗು ಒಮ್ಮೆಲೇ ಎತ್ತರ ಬೆಳೆಯುವ ವರ್ಷಗಳಲ್ಲಿ ಹೊಸದಾಗಿ ಸೋರಿಕೆ ಶುರುವಾದರೆ, ಕಾಲಿನ ಬಲ ಕಡಿಮೆಯಾದರೆ ದ್ವಾರವನ್ನು ದೂರುವ ಮೊದಲು ಬೆನ್ನುಹುರಿ ಕೆಳಗೆ ಅಂಟಿಕೊಂಡಿದೆಯೇ ಎಂದು ಎಂ.ಆರ್.ಐ. ಮಾಡಿಸಿ ನೋಡಬೇಕು.